ಪ್ರಾಕ್ಸಿಯ ಹಿಂದೆ ಆರ್: ಓದುಗರ ಪ್ರಶ್ನೆಗಳು, ಉತ್ತರಗಳು

ಸಂಖ್ಯಾಶಾಸ್ತ್ರದ ಕೆಲಸಕ್ಕೆ ಬಳಸುವ ಆರ್ ತಂತ್ರಾಂಶವನ್ನು ಪ್ರಾಕ್ಸಿ ಸರ್ವರ್ (ಇಂಟರ್‌ನೆಟ್‌ಗೆ ಹೋಗುವ ಕೋರಿಕೆಗಳನ್ನು ನಡುವೆ ನಿಂತು ಸಾಗಿಸುವ ಕಂಪ್ಯೂಟರ್) ಇರುವ ಜಾಲದಲ್ಲಿ ನಡೆಸುವ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದ್ದರೂ ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಅಕ್ಷರ ದೊಡ್ಡದಿರಬೇಕೋ ಸಣ್ಣದಿರಬೇಕೋ ಎಂಬುದು ಮುಖ್ಯವಾಗುವ ಕೆಲವು ಕಡೆ ಅದನ್ನು ಬಿಡಿಸಿ ಹೇಳಿದ್ದೇವೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಪ್ರಯೋಗಾಲಯದಲ್ಲಿ ಇಂಟರ್‌ನೆಟ್ ಸಂಪರ್ಕ ಪ್ರಾಕ್ಸಿ ಮೂಲಕವೇ ಸಿಗುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆರ್ 4.1 ಇದ್ದಾಗ ಪ್ಯಾಕೇಜುಗಳು (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಮುಗಳು) ತೊಂದರೆಯಿಲ್ಲದೆ ಇಳಿಯುತ್ತಿದ್ದವು. ಹೊಸ ಆವೃತ್ತಿ ಹಾಕಿದ ಮೇಲೆ, ರೆಪಾಸಿಟರಿಯ (ಪ್ಯಾಕೇಜ್ ಭಂಡಾರದ) ಸೂಚಿಯನ್ನು ತಲುಪಲಾಗುತ್ತಿಲ್ಲ ಎಂಬ ಎಚ್ಚರಿಕೆ ಬರುತ್ತಿದೆ. ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಆರ್ ಪ್ಯಾಕೇಜುಗಳ ಅಧಿಕೃತ ಭಂಡಾರವಾದ ಕ್ರ್ಯಾನ್‌ನ ಪುಟ ಸರಾಗವಾಗಿ ತೆರೆಯುತ್ತದೆ. ಹೊಸ ಆವೃತ್ತಿಯಲ್ಲಿಯೇ ದೋಷವಿದೆಯೇ? ಹಳೆಯದಕ್ಕೆ ಮರಳಬೇಕೇ?

ಉತ್ತರ: ಹಳೆಯದಕ್ಕೆ ಮರಳುವ ಅಗತ್ಯವಿಲ್ಲ. ನಿಮಗೆ ಎದುರಾಗಿರುವುದು ದೋಷವಲ್ಲ, 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯಲ್ಲಿ ಆರ್ ಬಳಗದವರು ತಿಳಿದೇ ಮಾಡಿದ ಬದಲಾವಣೆಯ ಪರಿಣಾಮ. ಅದಕ್ಕೂ ಮೊದಲು ವಿಂಡೋಸ್‌ನಲ್ಲಿ ಆರ್ ಯಾವುದೇ ಫೈಲನ್ನು ಇಳಿಸಿಕೊಳ್ಳಲು ವಿನ್‌ಇನೆಟ್ ಎಂಬ ವಿಂಡೋಸ್‌ನದೇ ಸೌಲಭ್ಯವನ್ನು ಬಳಸುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನ ಇಂಟರ್‌ನೆಟ್ ಆಪ್ಷನ್ಸ್‌ನಲ್ಲಿ ನಮೂದಾಗಿರುವ ಪ್ರಾಕ್ಸಿಯನ್ನು ವಿನ್‌ಇನೆಟ್ ತಾನಾಗಿಯೇ ಓದಿಕೊಳ್ಳುತ್ತಿದ್ದುದರಿಂದ, ನಿಮ್ಮ ಪ್ರಯೋಗಾಲಯದವರು ಒಮ್ಮೆ ಮಾಡಿಟ್ಟ ವ್ಯವಸ್ಥೆ ಬ್ರೌಸರಿಗೂ ಆರ್‌ಗೂ ಒಟ್ಟಿಗೇ ಸಾಕಾಗುತ್ತಿತ್ತು. 4.2.0ರಿಂದ ಆ ಕೆಲಸ ಲಿಬ್‌ಕರ್ಲ್ ಎಂಬ ತಂತ್ರಾಂಶ ಗ್ರಂಥಾಲಯದ (ಸಿದ್ಧ ಕೋಡಿನ ಸಂಗ್ರಹದ) ಪಾಲಾಯಿತು. ಲಿನಕ್ಸ್‌ನಲ್ಲಿಯೂ ಮ್ಯಾಕ್‌ನಲ್ಲಿಯೂ ಬಳಕೆಯಲ್ಲಿರುವ ಈ ಲಿಬ್‌ಕರ್ಲ್ ವಿಂಡೋಸ್‌ನ ಪ್ರಾಕ್ಸಿ ಪುಟವನ್ನು ನೋಡುವುದೇ ಇಲ್ಲ. ಪ್ರೋಗ್ರಾಮುಗಳು ಓದಿಕೊಳ್ಳಲೆಂದು ಹೆಸರಿಟ್ಟು ಬರೆದಿಡುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಏನು ಬರೆದಿದೆಯೋ ಅದನ್ನಷ್ಟೇ ನಂಬುತ್ತದೆ. ಬ್ರೌಸರಿಗೆ ಗೊತ್ತಿರುವ ದಾರಿ ಆರ್‌ಗೆ ಗೊತ್ತಿಲ್ಲ, ಅದನ್ನು ನೀವು ಬೇರೆಯಾಗಿ ತಿಳಿಸಬೇಕು.

ಮೊದಲು ಪ್ರಾಕ್ಸಿಯ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಖಚಿತಪಡಿಸಿಕೊಳ್ಳಿ. ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿರುವ ಪ್ರಾಕ್ಸಿ ಪುಟದಲ್ಲಿ ಅವೆರಡೂ ನೇರವಾಗಿ ಕಂಡರೆ ಕೆಲಸ ಸುಲಭ. ಕೆಲವು ಸಂಸ್ಥೆಗಳಲ್ಲಿ ವಿಳಾಸದ ಬದಲು ಒಂದು ಸ್ಕ್ರಿಪ್ಟ್‌ನ ಕೊಂಡಿ ಇರುತ್ತದೆ. ಅದು ಪ್ಯಾಕ್ ಎಂದು ಕರೆಯುವ ಜಾವಾಸ್ಕ್ರಿಪ್ಟ್ ಫೈಲ್. ಯಾವ ತಾಣಕ್ಕೆ ಯಾವ ಪ್ರಾಕ್ಸಿ ಮೂಲಕ ಹೋಗಬೇಕೆಂದು ಅದು ಬ್ರೌಸರಿಗೆ ಹೇಳಿಕೊಡುತ್ತದೆ, ಆದರೆ ಲಿಬ್‌ಕರ್ಲ್‌ಗೆ ಅದನ್ನು ಓದುವ ಶಕ್ತಿಯಿಲ್ಲ. ಆ ಕೊಂಡಿಯನ್ನು ಬ್ರೌಸರಿನಲ್ಲಿ ತೆರೆದು, ಇಳಿದ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ನೋಡಿ, ‘ಪ್ರಾಕ್ಸಿ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿರುವ ಸಾಲನ್ನು ಹುಡುಕಿ. ಅದರ ಪಕ್ಕದಲ್ಲಿಯೇ ವಿಳಾಸವೂ ಪೋರ್ಟೂ ಇರುತ್ತವೆ.

ವಿಳಾಸ 10.1.1.5, ಪೋರ್ಟ್ 3128 ಎಂದು ಇಟ್ಟುಕೊಳ್ಳೋಣ. ಶಾಶ್ವತವಾಗಿ ಬರೆದಿಡುವ ಮೊದಲು ತಾತ್ಕಾಲಿಕವಾಗಿ ಪರೀಕ್ಷಿಸುವುದು ಒಳ್ಳೆಯದು. ಆರ್ ಕನ್ಸೋಲಿನಲ್ಲಿ ‘ಸಿಸ್.ಸೆಟ್‌ಎನ್‌ವಿ(ಎಚ್‌ಟಿಟಿಪಿಎಸ್_ಪ್ರಾಕ್ಸಿ = "ಎಚ್‌ಟಿಟಿಪಿ://10.1.1.5:3128")’ ಎಂದು ಕೊಡಿ. ಆದೇಶದ ಮೊದಲಕ್ಷರ ಮಾತ್ರ ದೊಡ್ಡದು, ವೇರಿಯಬಲ್‌ನ ಹೆಸರು ಪೂರ್ತಿ ಸಣ್ಣ ಅಕ್ಷರಗಳಲ್ಲಿ. ಎಡಗಡೆ ಎಚ್‌ಟಿಟಿಪಿಎಸ್ ಎಂದಿದ್ದರೂ ಬಲಗಡೆಯ ವಿಳಾಸ ಎಚ್‌ಟಿಟಿಪಿ ಎಂದೇ ಆರಂಭವಾಗಿರುವುದನ್ನು ಗಮನಿಸಿ. ಎಡಗಡೆಯದು ನೀವು ತಲುಪಬೇಕಾದ ತಾಣದ ಬಗೆಯನ್ನು ಹೇಳುತ್ತದೆ. ಬಲಗಡೆಯದು ಪ್ರಾಕ್ಸಿಯೊಂದಿಗೆ ಯಾವ ಬಗೆಯಲ್ಲಿ ಮಾತನಾಡಬೇಕೆಂಬುದನ್ನು ಹೇಳುತ್ತದೆ, ಮತ್ತು ಬಹುಪಾಲು ಪ್ರಾಕ್ಸಿಗಳು ಸಾದಾ ಎಚ್‌ಟಿಟಿಪಿಯನ್ನೇ ಬಯಸುತ್ತವೆ. ಅಲ್ಲಿಗೂ ಒಂದು ಎಸ್ ಅಕ್ಷರ ಸೇರಿಸಿ ಗಂಟೆಗಟ್ಟಲೆ ಪರದಾಡಿದವರ ಪತ್ರಗಳು ನಮಗೆ ಬಂದಿವೆ. ಹೀಗೆಯೇ ಎಚ್‌ಟಿಟಿಪಿ_ಪ್ರಾಕ್ಸಿ ಎಂಬ ವೇರಿಯಬಲ್‌ಗೂ ಅದೇ ವಿಳಾಸ ಕೊಡಿ. ಆಮೇಲೆ ಕರ್ಲ್‌ಗೆಟ್‌ಹೆಡರ್ಸ್ ಎಂಬ ಆದೇಶಕ್ಕೆ ಕ್ರ್ಯಾನ್‌ನ ವಿಳಾಸ ಕೊಟ್ಟು ನೋಡಿ. ಉತ್ತರದಲ್ಲಿ 200 ಎಂಬ ಸಂಖ್ಯೆ ಬಂದರೆ ದಾರಿ ತೆರೆದಿದೆ. 407 ಬಂದರೆ ಪ್ರಾಕ್ಸಿ ಸಿಕ್ಕಿದೆ, ಆದರೆ ಅದು ನಿಮ್ಮ ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತಿದೆ. ಪ್ರಾಕ್ಸಿಯ ಹೆಸರನ್ನೇ ಪತ್ತೆಹಚ್ಚಲಾಗಲಿಲ್ಲ ಎಂಬ ಸಂದೇಶ ಬಂದರೆ ವಿಳಾಸವನ್ನು ತಪ್ಪಾಗಿ ಟೈಪ್ ಮಾಡಿದ್ದೀರಿ. 403 ಬಂದರೆ ಆ ತಾಣವನ್ನೇ ಪ್ರಾಕ್ಸಿ ತಡೆದಿರುವ ಸಾಧ್ಯತೆ ಹೆಚ್ಚು. ಕ್ರ್ಯಾನ್‌ನ ಮೂಲ ಸರ್ವರ್ ಆಸ್ಟ್ರಿಯಾದ ವಿಯೆನ್ನಾದಲ್ಲಿದೆ, ಅದರ ಪ್ರತಿಗಳು ಹಲವು ದೇಶಗಳಲ್ಲಿವೆ. ಒಂದನ್ನು ತಡೆದಿರುವ ಪ್ರಾಕ್ಸಿ ಇನ್ನೊಂದನ್ನು ಬಿಡಬಹುದಾದ್ದರಿಂದ, ಜಾಲದ ಉಸ್ತುವಾರಿ ನೋಡುವವರಿಗೆ ಪತ್ರ ಬರೆಯುವ ಮೊದಲು ಬೇರೊಂದು ಮಿರರ್ (ಪ್ರತಿ) ಆರಿಸಿ ನೋಡಿ.

ಪರೀಕ್ಷೆ ಗೆದ್ದ ಮೇಲೆ ಇದೇ ಎರಡು ಸಾಲುಗಳನ್ನು ‘.ಆರ್‌ಎನ್ವಿರಾನ್’ ಎಂಬ ಫೈಲಿನಲ್ಲಿ ಬರೆದಿಡಬೇಕು. ಹೆಸರು ಚುಕ್ಕೆಯಿಂದ ಆರಂಭವಾಗುತ್ತದೆ, ಚುಕ್ಕೆಯ ನಂತರದ ಅಕ್ಷರ ಮಾತ್ರ ದೊಡ್ಡದು. ಇಲ್ಲಿ ಎಡವುವವರು ಬಹಳ ಮಂದಿ ಇರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದನ್ನು ನೋಟ್‌ಪ್ಯಾಡ್‌ನಲ್ಲಿ ಬರೆದು ಉಳಿಸಿದರೆ ಹೆಸರಿನ ಕೊನೆಗೆ ಟಿಎಕ್ಸ್‌ಟಿ ಎಂಬುದು ಸೇರಿಕೊಳ್ಳುತ್ತದೆ, ವಿಂಡೋಸ್ ಅದನ್ನು ಮರೆಮಾಡಿಯೂ ಇಡುತ್ತದೆ. ಫೈಲ್ ಕಣ್ಣೆದುರಿಗೇ ಇದ್ದರೂ ಆರ್‌ಗೆ ಕಾಣಿಸುವುದಿಲ್ಲ. ಆರ್ ಮನೆಯೆಂದು ತಿಳಿಯುವ ಫೋಲ್ಡರ್ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್, ಆದರೆ ಅದು ಒನ್‌ಡ್ರೈವ್‌ಗೆ ಜೋಡಣೆಯಾಗಿದ್ದರೆ ನೀವು ಅಂದುಕೊಂಡ ಜಾಗದಲ್ಲಿ ಇರುವುದಿಲ್ಲ. ಆರ್ ಒಳಗಿನಿಂದಲೇ ‘ಫೈಲ್.ಎಡಿಟ್("~/.ಆರ್‌ಎನ್ವಿರಾನ್")’ ಎಂದು ಕೊಟ್ಟರೆ ಎರಡು ತೊಡಕುಗಳೂ ತಪ್ಪುತ್ತವೆ. ತೆರೆದ ಪುಟದಲ್ಲಿ ಒಂದು ಸಾಲಿಗೆ ಒಂದರಂತೆ ವೇರಿಯಬಲ್‌ನ ಹೆಸರು, ಸಮ ಚಿಹ್ನೆ, ವಿಳಾಸ ಇಷ್ಟನ್ನೇ ಬರೆಯಿರಿ. ಇದು ಆರ್ ಕೋಡ್ ಅಲ್ಲದ ಕಾರಣ ಸಿಸ್.ಸೆಟ್‌ಎನ್‌ವಿ ಎಂಬುದನ್ನು ಇಲ್ಲಿ ಬರೆಯಬಾರದು. ಕೊನೆಯ ಸಾಲಿನ ನಂತರವೂ ಎಂಟರ್ ಒತ್ತಿ ಉಳಿಸಿ, ಆರ್ ಅನ್ನು ಮುಚ್ಚಿ ಮತ್ತೆ ತೆರೆಯಿರಿ. ಈ ಫೈಲನ್ನು ಆರ್ ಶುರುವಾಗುವಾಗ ಮಾತ್ರ ಓದುತ್ತದೆ.

ಇನ್ನೊಂದು ಸಂಗತಿ ನಿಮ್ಮಂಥ ಸಂಶೋಧಕರಿಗೆ ವಿಶೇಷವಾಗಿ ಬೇಕಾದದ್ದು. ನೀವು ಪ್ರಾಜೆಕ್ಟ್ ಫೋಲ್ಡರಿನಿಂದ ಆರ್ ತೆರೆದಾಗ ಆ ಫೋಲ್ಡರಿನಲ್ಲಿಯೂ ಒಂದು .ಆರ್‌ಎನ್ವಿರಾನ್ ಇದ್ದರೆ, ಆರ್ ಅದನ್ನು ಮಾತ್ರ ಓದಿ ಮನೆಯ ಫೋಲ್ಡರಿನಲ್ಲಿರುವುದನ್ನು ಬಿಟ್ಟುಬಿಡುತ್ತದೆ. ಒಂದು ಪ್ರಾಜೆಕ್ಟಿನಲ್ಲಿ ಪ್ಯಾಕೇಜ್ ಇಳಿಯುತ್ತದೆ, ಇನ್ನೊಂದರಲ್ಲಿ ಇಳಿಯುವುದಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ಕಾರಣ.

ಪ್ರಶ್ನೆ: ನಾನು ಬೆಂಗಳೂರಿನ ಕಚೇರಿಯೊಂದರಲ್ಲಿ ದತ್ತಾಂಶ ವಿಶ್ಲೇಷಕ. ನಮ್ಮ ಪ್ರಾಕ್ಸಿ ಬಳಕೆದಾರ ಹೆಸರನ್ನೂ ಪಾಸ್‌ವರ್ಡನ್ನೂ ಕೇಳುತ್ತದೆ. ಎರಡನ್ನೂ ವಿಳಾಸದೊಳಗೆ ಸೇರಿಸಿದ್ದರೂ 407 ಬರುವುದು ನಿಂತಿಲ್ಲ. ಪಾಸ್‌ವರ್ಡ್‌ನಲ್ಲಿ @ ಮತ್ತು # ಚಿಹ್ನೆಗಳಿವೆ.

ಉತ್ತರ: ತೊಂದರೆ ಆ ಚಿಹ್ನೆಗಳಲ್ಲಿದೆ. ವಿಳಾಸವನ್ನು ಬರೆಯುವ ಕ್ರಮದಲ್ಲಿ ಮೊದಲು ಹೆಸರು, ಕೋಲನ್, ಪಾಸ್‌ವರ್ಡ್, @ ಚಿಹ್ನೆ, ಆಮೇಲೆ ಸರ್ವರ್ ಬರುತ್ತದೆ. ಪಾಸ್‌ವರ್ಡ್‌ನೊಳಗೇ @ ಅಥವಾ # ಇದ್ದರೆ ಪಾಸ್‌ವರ್ಡ್ ಎಲ್ಲಿ ಮುಗಿಯಿತು, ಸರ್ವರ್‌ನ ಹೆಸರು ಎಲ್ಲಿ ಆರಂಭವಾಯಿತು ಎಂಬುದು ಓದುವ ಪ್ರೋಗ್ರಾಮಿಗೆ ತಪ್ಪಾಗಿ ಅರ್ಥವಾಗುತ್ತದೆ. ಹಾಗಾಗಿ @ ಬದಲು %40, # ಬದಲು %23, ಪಾಸ್‌ವರ್ಡ್‌ನಲ್ಲಿ % ಚಿಹ್ನೆಯೇ ಇದ್ದರೆ ಅದರ ಬದಲು %25 ಎಂದು ಬರೆಯಬೇಕು. ಉಳಿದ ಚಿಹ್ನೆಗಳ ಸಂಕೇತಗಳನ್ನು ನೆನಪಿಟ್ಟುಕೊಳ್ಳುವ ಬದಲು ಆರ್‌ನ ಯುಆರ್‌ಎಲ್‌ಎನ್‌ಕೋಡ್ ಎಂಬ ಫಂಕ್ಷನ್‌ಗೆ ಪಾಸ್‌ವರ್ಡನ್ನು ಕೊಟ್ಟು, ಜೊತೆಗೆ ರಿಸರ್ವ್ಡ್ = ಟ್ರೂ ಎಂದು ಸೇರಿಸಿದರೆ ಅದೇ ಪರಿವರ್ತಿಸಿ ಕೊಡುತ್ತದೆ. ಆ ಕೊನೆಯ ಸೂಚನೆಯನ್ನು ಬಿಟ್ಟರೆ @ ಚಿಹ್ನೆ ಬದಲಾಗದೆ ಹಾಗೆಯೇ ಉಳಿಯುತ್ತದೆ.

ಆದರೆ ಪಾಸ್‌ವರ್ಡನ್ನು .ಆರ್‌ಎನ್ವಿರಾನ್‌ನಲ್ಲಿ ಬರೆದಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದು ಯಾರು ತೆರೆದರೂ ಓದಬಹುದಾದ ಸಾದಾ ಪಠ್ಯ. ಕಚೇರಿಯಲ್ಲಿ ಪ್ರಾಕ್ಸಿಯ ಪಾಸ್‌ವರ್ಡೂ ಇಮೇಲ್‌ನ ಪಾಸ್‌ವರ್ಡೂ ಒಂದೇ ಆಗಿರುವುದು ಸಾಮಾನ್ಯ, ಹಾಗಾಗಿ ಒಂದು ಸೋರಿದರೆ ಎಲ್ಲವೂ ಸೋರಿದಂತೆ. ಪ್ರಾಜೆಕ್ಟ್ ಫೋಲ್ಡರಿನಲ್ಲಿರುವ ಈ ಫೈಲ್ ಗಿಟ್ (ಕೋಡಿನ ಆವೃತ್ತಿಗಳನ್ನು ಕಾಪಿಟ್ಟು ಹಂಚುವ ತಂತ್ರಾಂಶ) ಮೂಲಕ ಹೊರಗೆ ಹೋಗುವ ಅಪಾಯವೂ ಇದೆ. ಕನ್ಸೋಲಿನಲ್ಲಿ ನೇರವಾಗಿ ಟೈಪ್ ಮಾಡಿದರೆ ಅದು .ಆರ್‌ಹಿಸ್ಟರಿ ಫೈಲಿನಲ್ಲಿ ಉಳಿಯುತ್ತದೆ. ನೀವು ಆರ್‌ಸ್ಟುಡಿಯೋ (ಆರ್ ಬಳಸಲು ಅನುಕೂಲವಾದ ಕಿಟಕಿ ಒದಗಿಸುವ ತಂತ್ರಾಂಶ) ಬಳಸುತ್ತಿದ್ದರೆ ಆರ್‌ಸ್ಟುಡಿಯೋಎಪಿಐ ಪ್ಯಾಕೇಜಿನ ಆಸ್ಕ್‌ಫಾರ್‌ಪಾಸ್‌ವರ್ಡ್ ಫಂಕ್ಷನ್ ಒಂದು ಪುಟ್ಟ ಕಿಟಕಿಯನ್ನು ತೆರೆದು ಪಾಸ್‌ವರ್ಡ್ ಕೇಳುತ್ತದೆ. ಅದರ ಉತ್ತರವನ್ನು ಯುಆರ್‌ಎಲ್‌ಎನ್‌ಕೋಡ್ ಮೂಲಕ ಹಾಯಿಸಿ, ಪೇಸ್ಟ್0 ಬಳಸಿ ವಿಳಾಸ ಜೋಡಿಸಿ, ಸಿಸ್.ಸೆಟ್‌ಎನ್‌ವಿಗೆ ಕೊಡುವ ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದಿಟ್ಟುಕೊಂಡು, ಪ್ಯಾಕೇಜ್ ಹಾಕಬೇಕಾದ ದಿನ ಮಾತ್ರ ಅದನ್ನು ಓಡಿಸಿ. ಆರ್ ಮುಚ್ಚಿದೊಡನೆ ಪಾಸ್‌ವರ್ಡೂ ಅಳಿಯುತ್ತದೆ.

ಪಾಸ್‌ವರ್ಡ್ ಸರಿಯಾಗಿದ್ದೂ 407 ಬರುತ್ತಲೇ ಇದ್ದರೆ ನಿಮ್ಮ ಪ್ರಾಕ್ಸಿ ಎನ್‌ಟಿಎಲ್‌ಎಂ ಎಂಬ ವಿಂಡೋಸ್ ಮಾದರಿಯ ದೃಢೀಕರಣವನ್ನು ಬಯಸುತ್ತಿರಬಹುದು. ಬರೀ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ ಅದು ಸಾಗುವುದಿಲ್ಲ. ಸಿಎನ್‌ಟಿಎಲ್‌ಎಂ ಎಂಬ ಸಣ್ಣ ಪ್ರೋಗ್ರಾಮ್ ನಿಮ್ಮದೇ ಕಂಪ್ಯೂಟರಿನಲ್ಲಿ ನಿಂತು, ಆರ್‌ನಿಂದ ಬಂದ ಕೋರಿಕೆಗೆ ಎನ್‌ಟಿಎಲ್‌ಎಂ ಗುರುತನ್ನು ಸೇರಿಸಿ ಮುಂದಕ್ಕೆ ಕಳಿಸುತ್ತದೆ. ಆಗ ಆರ್‌ಗೆ ಕೊಡಬೇಕಾದ ವಿಳಾಸ 127.0.0.1 (ಅಂದರೆ ನಿಮ್ಮದೇ ಕಂಪ್ಯೂಟರ್) ಮತ್ತು ಆ ಪ್ರೋಗ್ರಾಮಿನ ಪೋರ್ಟ್ ಮಾತ್ರ, ಅದರಲ್ಲಿ ಪಾಸ್‌ವರ್ಡ್ ಇರುವುದಿಲ್ಲ. ಕಚೇರಿಯ ಯಂತ್ರದಲ್ಲಿ ಇಂಥದ್ದನ್ನು ಹಾಕುವ ಮೊದಲು ಐಟಿ ವಿಭಾಗದ ಅನುಮತಿ ಪಡೆಯಿರಿ.

ಪ್ರಶ್ನೆ: ಶಿವಮೊಗ್ಗದ ಪದವಿ ಕಾಲೇಜಿನಲ್ಲಿ ಉಪನ್ಯಾಸಕನಾಗಿದ್ದೇನೆ. ಉಬುಂಟು ಲಿನಕ್ಸ್ ಇರುವ ನಮ್ಮ ಲ್ಯಾಬಿನಲ್ಲಿ ಪ್ರಾಕ್ಸಿಯ ಸಾಲುಗಳನ್ನು ದೊಡ್ಡ ಅಕ್ಷರಗಳಲ್ಲಿ ಟರ್ಮಿನಲ್ ತೆರೆದಾಗ ಓದಲಾಗುವ ಬ್ಯಾಷ್‌ಆರ್‌ಸಿ ಫೈಲಿನಲ್ಲಿ ಬರೆದಿದ್ದೇನೆ. ಎಚ್‌ಟಿಟಿಪಿಎಸ್ ತಾಣಗಳಿಗೆ ಹೋದರೆ ಸರ್ಟಿಫಿಕೇಟ್ (ತಾಣದ ಗುರುತುಪತ್ರ) ದೋಷ, ಸಾದಾ ಎಚ್‌ಟಿಟಿಪಿ ತಾಣಗಳಿಗೆ ಹೋದರೆ ಸಂಪರ್ಕವೇ ಇಲ್ಲ. ಸರ್ಟಿಫಿಕೇಟ್ ಪರಿಶೀಲನೆಯನ್ನೇ ನಿಲ್ಲಿಸಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟರು.

ಉತ್ತರ: ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನೀವು ಇಳಿಸುವ ಪ್ಯಾಕೇಜ್ ನಿಮ್ಮ ಯಂತ್ರದಲ್ಲಿ ಓಡುವ ಕೋಡ್. ಅದು ನಿಜವಾಗಿ ಕ್ರ್ಯಾನ್‌ನಿಂದಲೇ ಬಂದಿದೆ ಎಂಬುದಕ್ಕೆ ಆ ಪರಿಶೀಲನೆಯೇ ಭರವಸೆ, ಅದನ್ನು ತೆಗೆದರೆ ಲ್ಯಾಬಿನ ಅಷ್ಟೂ ವಿದ್ಯಾರ್ಥಿಗಳ ಯಂತ್ರಗಳು ಕಾವಲಿಲ್ಲದಂತಾಗುತ್ತವೆ.

ಎರಡು ತೊಂದರೆಗಳಿಗೂ ಕಾರಣಗಳು ಬೇರೆ ಬೇರೆ. ಎಚ್‌ಟಿಟಿಪಿ_ಪ್ರಾಕ್ಸಿ ಎಂಬ ಒಂದು ಹೆಸರನ್ನು ಮಾತ್ರ ಲಿಬ್‌ಕರ್ಲ್ ಸಣ್ಣ ಅಕ್ಷರಗಳಲ್ಲಿದ್ದರೆ ಮಾತ್ರ ಒಪ್ಪುತ್ತದೆ. ವೆಬ್ ಸರ್ವರ್‌ಗಳಲ್ಲಿ ಓಡುವ ಹಳೆಯ ಸಿಜಿಐ ಪ್ರೋಗ್ರಾಮುಗಳಿಗೆ ಹೊರಗಿನಿಂದ ಬಂದ ಕೋರಿಕೆಯ ಶಿರೋಲೇಖಗಳು (ಹೆಡರ್‌ಗಳು) ದೊಡ್ಡ ಅಕ್ಷರಗಳ ಎಚ್‌ಟಿಟಿಪಿ ಎಂಬ ಪೂರ್ವಪದದೊಂದಿಗೆ ವೇರಿಯಬಲ್‌ಗಳಾಗಿ ಸಿಗುತ್ತವೆ. ಹಾಗಾಗಿ ಯಾರಾದರೂ ಪ್ರಾಕ್ಸಿ ಎಂಬ ಶಿರೋಲೇಖ ಕಳಿಸಿದರೆ ಸರ್ವರ್‌ನ ಸಂಪರ್ಕವನ್ನೇ ತಮ್ಮ ಕಡೆಗೆ ತಿರುಗಿಸಿಕೊಳ್ಳಬಹುದಿತ್ತು. ಆ ಅಪಾಯ ತಪ್ಪಿಸಲು ಮಾಡಿದ ನಿಯಮ ಇದು. ವಿಂಡೋಸ್‌ನಲ್ಲಿ ವೇರಿಯಬಲ್‌ಗಳಿಗೆ ಅಕ್ಷರಭೇದವಿಲ್ಲದ ಕಾರಣ ಅಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಎಲ್ಲವನ್ನೂ ಸಣ್ಣ ಅಕ್ಷರಗಳಲ್ಲಿ ಬರೆಯುವುದು ಸುರಕ್ಷಿತ ರೂಢಿ. ಬ್ಯಾಷ್‌ಆರ್‌ಸಿಯ ಬದಲು ಆರ್‌ನ ಈಟಿಸಿ ಫೋಲ್ಡರಿನಲ್ಲಿರುವ ಆರ್‌ಎನ್ವಿರಾನ್.ಸೈಟ್ ಫೈಲಿನಲ್ಲಿ ಬರೆಯಿರಿ. ಮೆನುವಿನ ಚಿಹ್ನೆಯಿಂದ ತೆರೆದ ಆರ್‌ಸ್ಟುಡಿಯೋಗೆ ಬ್ಯಾಷ್‌ಆರ್‌ಸಿಯ ಸಾಲುಗಳು ತಲುಪುವುದಿಲ್ಲ, ಸುಡೋ ಮೂಲಕ (ಆಡಳಿತಾಧಿಕಾರದೊಂದಿಗೆ) ಆರ್ ಓಡಿಸಿದರೂ ಸಾಮಾನ್ಯವಾಗಿ ಅವು ಕಳಚಿಹೋಗುತ್ತವೆ; ಸೈಟ್ ಫೈಲ್ ಲ್ಯಾಬಿನ ಎಲ್ಲ ಬಳಕೆದಾರರಿಗೂ ಅನ್ವಯವಾಗುತ್ತದೆ. ಅದರಲ್ಲಿ ಪಾಸ್‌ವರ್ಡ್ ಮಾತ್ರ ಇರಕೂಡದು. ಕಾಲೇಜಿನೊಳಗಿನ ಸರ್ವರ್‌ನಿಂದ ಆರ್ ದತ್ತಾಂಶ ಓದುವುದಿದ್ದರೆ ಪ್ರಾಕ್ಸಿ ಬೇಡದ ವಿಳಾಸಗಳನ್ನು ಹೇಳುವ ನೋ_ಪ್ರಾಕ್ಸಿ ಎಂಬ ವೇರಿಯಬಲ್‌ನಲ್ಲಿ ಆ ಸರ್ವರ್‌ನ ಹೆಸರನ್ನೂ ಲೋಕಲ್‌ಹೋಸ್ಟ್ (ಅದೇ ಕಂಪ್ಯೂಟರ್) ಎಂಬುದನ್ನೂ ಅಲ್ಪವಿರಾಮ ಕೊಟ್ಟು ಬರೆಯಿರಿ.

ಸರ್ಟಿಫಿಕೇಟ್ ದೋಷ ಬರುವುದು ನಿಮ್ಮ ಪ್ರಾಕ್ಸಿ ಗೂಢಲಿಪಿಯ ಸಂಪರ್ಕವನ್ನು ನಡುವೆ ಬಿಚ್ಚಿ ಪರಿಶೀಲಿಸಿ, ತನ್ನದೇ ಸರ್ಟಿಫಿಕೇಟ್ ಹಾಕಿ ಮುಂದೆ ಕಳಿಸುವುದರಿಂದ. ಜಾಲದ ಉಸ್ತುವಾರಿಯವರಿಂದ ಆ ಪ್ರಾಕ್ಸಿಯ ಮೂಲ ಸರ್ಟಿಫಿಕೇಟನ್ನು ಕೇಳಿ ಪಡೆದು, ಸಿಆರ್‌ಟಿ ಎಂಬ ಕೊನೆಹೆಸರಿನೊಂದಿಗೆ ಯುಎಸ್‌ಆರ್, ಲೋಕಲ್, ಶೇರ್ ಇವುಗಳ ಒಳಗಿನ ಸಿಎ-ಸರ್ಟಿಫಿಕೇಟ್ಸ್ ಫೋಲ್ಡರಿನಲ್ಲಿ ಇಟ್ಟು, ಅಪ್‌ಡೇಟ್-ಸಿಎ-ಸರ್ಟಿಫಿಕೇಟ್ಸ್ ಎಂಬ ಆದೇಶವನ್ನು ಸುಡೋ ಜೊತೆ ಕೊಡಿ. ಆರ್ ಮಾತ್ರವಲ್ಲದೆ ಕರ್ಲ್, ಗಿಟ್ ಮುಂತಾದವುಗಳೂ ಸರಿಹೋಗುತ್ತವೆ. ವಿಂಡೋಸ್ ಬಳಸುವವರಿಗೆ ಇಂಥ ಜಾಲದಲ್ಲಿ ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ತಿಳಿಯಲಾಗಲಿಲ್ಲ ಎಂಬ ಬೇರೊಂದು ದೂರು ಬರುವುದುಂಟು. ಅವರು .ಆರ್‌ಎನ್ವಿರಾನ್‌ನಲ್ಲಿ ಆರ್_ಲಿಬ್‌ಕರ್ಲ್_ಎಸ್‌ಎಸ್‌ಎಲ್_ರಿವೋಕ್_ಬೆಸ್ಟ್_ಎಫರ್ಟ್ ಎಂಬುದನ್ನು ಪೂರ್ತಿ ದೊಡ್ಡ ಅಕ್ಷರಗಳಲ್ಲಿ ಬರೆದು ಟ್ರೂ ಎಂದು ಕೊಟ್ಟರೆ ಸಾಕು.

ಪ್ರಶ್ನೆ: ಸಣ್ಣ ಪ್ಯಾಕೇಜುಗಳು ಇಳಿಯುತ್ತವೆ, ದೊಡ್ಡವು ಅರ್ಧಕ್ಕೇ ನಿಲ್ಲುತ್ತವೆ. ಪರೀಕ್ಷೆಯ ಕೊಠಡಿಯಲ್ಲಂತೂ ಇಂಟರ್‌ನೆಟ್ಟೇ ಇಲ್ಲ. ಏನು ಮಾಡಬಹುದು?

ಉತ್ತರ: ಆರ್ ಒಂದು ಫೈಲಿಗಾಗಿ ಕಾಯುವ ಅವಧಿ ತಾನಾಗಿ 60 ಸೆಕೆಂಡು ಮಾತ್ರ. ಬಂದ ಫೈಲನ್ನು ಪ್ರಾಕ್ಸಿ ವೈರಸ್ ತಪಾಸಣೆಗೆಂದು ಹಿಡಿದಿಟ್ಟುಕೊಂಡರೆ ಅಷ್ಟು ಹೊತ್ತು ಸಾಲದು. ‘ಆಪ್ಷನ್ಸ್(ಟೈಮ್‌ಔಟ್ = 600)’ ಎಂದು ಕೊಟ್ಟು ಮತ್ತೆ ಪ್ರಯತ್ನಿಸಿ.

ಇಂಟರ್‌ನೆಟ್ ಇಲ್ಲದ ಕೊಠಡಿಗೆ ಮಿನಿಕ್ರ್ಯಾನ್ ಎಂಬ ಪ್ಯಾಕೇಜ್ ಉತ್ತಮ. ಸಂಪರ್ಕವಿರುವ ಕಂಪ್ಯೂಟರಿನಲ್ಲಿ ನಿಮಗೆ ಬೇಕಾದ ಪ್ಯಾಕೇಜುಗಳ ಹೆಸರು ಕೊಟ್ಟರೆ, ಅವು ಅವಲಂಬಿಸಿರುವ ಉಳಿದೆಲ್ಲವನ್ನೂ ಅದರ ಪಿಕೆಜಿಡೆಪ್ ಫಂಕ್ಷನ್ ಪಟ್ಟಿ ಮಾಡುತ್ತದೆ, ಮೇಕ್‌ರೆಪೋ ಫಂಕ್ಷನ್ ಅವನ್ನು ಇಳಿಸಿ ಕ್ರ್ಯಾನ್‌ನದೇ ವಿನ್ಯಾಸದ ಫೋಲ್ಡರ್ ಕಟ್ಟಿಕೊಡುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಇನ್‌ಸ್ಟಾಲ್.ಪ್ಯಾಕೇಜಸ್ ಆದೇಶದ ರೆಪೋಸ್ ಜಾಗದಲ್ಲಿ ಫೈಲ್ ಎಂದು ಆರಂಭವಾಗುವ ಅದರ ವಿಳಾಸ ಕೊಡಿ. ಇಳಿಸುವ ಮುನ್ನ ಆ ಕೊಠಡಿಯ ಕಂಪ್ಯೂಟರುಗಳಲ್ಲಿ ಯಾವ ಆವೃತ್ತಿಯಿದೆ ಎಂಬುದನ್ನು ‘ಆರ್.ವರ್ಶನ್.ಸ್ಟ್ರಿಂಗ್’ ಎಂದು ಟೈಪ್ ಮಾಡಿ ನೋಡಿಕೊಂಡು ಬನ್ನಿ. ವಿಂಡೋಸ್‌ಗೆಂದು ಸಿದ್ಧವಾಗಿ ಸಿಗುವ ಜಿಪ್ ರೂಪದ ಪ್ಯಾಕೇಜುಗಳನ್ನು 4.4ಕ್ಕೆ ಬೇರೆ, 4.5ಕ್ಕೆ ಬೇರೆಯಾಗಿ ಕಟ್ಟಿರುತ್ತಾರೆ.