ಏರು, ಇಳಿಜಾರು, ನಮ್ಮ ದೇಹ: ಮೌಂಟನ್ ಬೈಕ್ ಕುರಿತು ಓದುಗರ ಪ್ರಶ್ನೆಗಳು

ಮಣ್ಣುದಾರಿಯಲ್ಲಿ, ಗುಡ್ಡದ ಹಾದಿಯಲ್ಲಿ ಸೈಕಲ್ ಓಡಿಸುವ ಹವ್ಯಾಸವನ್ನು ನಡುವಯಸ್ಸಿನ ನಂತರ ಹಿಡಿದ ಓದುಗರ ಪತ್ರಗಳಲ್ಲಿ ಮೂರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಆರೋಗ್ಯದ ಖಾಸಗಿ ವಿವರಗಳಿರುವುದರಿಂದ ಬರೆದವರ ಹೆಸರನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನನಗೆ 54 ವರ್ಷ, ಬ್ಯಾಂಕ್ ಉದ್ಯೋಗಿ. ರಕ್ತದೊತ್ತಡಕ್ಕಾಗಿ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ಮೌಂಟನ್ ಬೈಕ್ ಕೊಂಡು, ಭಾನುವಾರಗಳಂದು ಕಾಫಿ ತೋಟಗಳ ನಡುವಿನ ಮಣ್ಣುರಸ್ತೆಗಳಲ್ಲಿ ಓಡಿಸುತ್ತೇನೆ. ಜೊತೆಗಾರರೆಲ್ಲ ಮೂವತ್ತರ ಆಸುಪಾಸಿನವರು. ಏರಿನಲ್ಲಿ ಅವರ ಸಮಕ್ಕೆ ಹೋಗಲು ಯತ್ನಿಸಿದರೆ ಏದುಸಿರು ಬರುತ್ತದೆ, ಮರುದಿನ ಮೊಣಕಾಲಿನ ಮುಂಭಾಗ ನೋಯುತ್ತದೆ. ಆದರೆ ಕೈಗಡಿಯಾರ ನಾಡಿಬಡಿತ 125 ದಾಟಿಲ್ಲವೆಂದೂ ಇನ್ನೂ ಹೆಚ್ಚು ಶ್ರಮಿಸಬಹುದೆಂದೂ ತೋರಿಸುತ್ತದೆ. ಈಗ ಅವರು ಮುಳ್ಳಯ್ಯನಗಿರಿಗೆ ಸೈಕಲ್ಲಿನಲ್ಲಿ ಹೋಗೋಣ ಎನ್ನುತ್ತಿದ್ದಾರೆ. ನಾನು ಹೋಗಬಹುದೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಹೋಗಬಹುದು, ವೈದ್ಯರನ್ನು ಮೊದಲು ಕಂಡು, ನಿಮ್ಮದೇ ವೇಗದಲ್ಲಿ, ಕೆಲವು ವಾರಗಳ ತಯಾರಿಯ ನಂತರ ಹೋಗಬೇಕು. ನಿಮ್ಮ ಪತ್ರದಲ್ಲಿ ಎರಡು ಬೇರೆಬೇರೆ ಮಿತಿಗಳು ಸೇರಿಕೊಂಡಿವೆ. ಒಂದು ಉಸಿರು ಮತ್ತು ಹೃದಯಕ್ಕೆ ಸಂಬಂಧಿಸಿದ್ದು, ಇನ್ನೊಂದು ಮೊಣಕಾಲಿನದು. ಮೊದಲನೆಯದನ್ನು ತಾಳ್ಮೆಯಿಂದ ಹಿಗ್ಗಿಸಬಹುದು. ಎರಡನೆಯದು ಹೆಚ್ಚಿನ ಸಂದರ್ಭಗಳಲ್ಲಿ ಸೀಟು ಮತ್ತು ಗೇರಿನ ಹೊಂದಾಣಿಕೆಯಿಂದಲೇ ಸರಿಹೋಗುತ್ತದೆ. ಎರಡನ್ನೂ ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಯಾವುದಕ್ಕೂ ಪರಿಹಾರ ಸಿಗುವುದಿಲ್ಲ.

ಮೊದಲು ಕೈಗಡಿಯಾರದ ವಿಷಯವನ್ನು ಗಮನವಿಟ್ಟು ಓದಿ, ಏಕೆಂದರೆ ನಿಮ್ಮ ಮಟ್ಟಿಗೆ ಅದು ತಪ್ಪು ದಾರಿ ತೋರಿಸುತ್ತಿದೆ. ಮೆಟೊಪ್ರೊಲಾಲ್ ಬೀಟಾ ಬ್ಲಾಕರ್ ಗುಂಪಿನ ಔಷಧ. ವಿಶ್ರಾಂತಿಯಲ್ಲಿ ಮಾತ್ರವಲ್ಲದೆ ಶ್ರಮಪಡುವಾಗಲೂ ಅದು ನಾಡಿಬಡಿತವನ್ನು ತಡೆದು ಹಿಡಿಯುತ್ತದೆ. ಕೈಗಡಿಯಾರಗಳು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಅಂದಾಜು ಮಾಡುತ್ತವೆ. ನಿಮ್ಮ ವಯಸ್ಸಿಗೆ ಅದು 166. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಇನ್ನೊಂದು ಸೂತ್ರದ ಪ್ರಕಾರ ಸುಮಾರು 170. ಇವೆರಡೂ ಸರಾಸರಿ ಲೆಕ್ಕಗಳು. ಒಂದೇ ವಯಸ್ಸಿನ ಇಬ್ಬರು ಆರೋಗ್ಯವಂತರ ನಡುವೆಯೇ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಹಜ. ಈ ಮಾತ್ರೆ ನುಂಗುವವರಿಗಂತೂ ಎರಡೂ ಅನ್ವಯಿಸುವುದಿಲ್ಲ. ಆದ್ದರಿಂದ ನಿಮ್ಮ ಪಾಲಿಗೆ 125 ಎಂಬುದು ಸುಲಭದ ವಲಯವಾಗಿರದೆ, ಕಷ್ಟದ ವಲಯವೇ ಆಗಿರಬಹುದು. ಏದುಸಿರು ಹೇಳುತ್ತಿರುವುದನ್ನು ನಂಬಿ. ಸೈಕಲ್ ತುಳಿಯುತ್ತಾ ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಎಳೆದುಕೊಳ್ಳದೆ ಆಡಲು ಸಾಧ್ಯವಾದರೆ ಶ್ರಮ ಹಿತಮಿತವಾಗಿದೆ. ಎರಡು ಮೂರು ಪದಗಳಿಗೇ ಮಾತು ತುಂಡಾದರೆ ಹೆಚ್ಚಾಯಿತು. ಸವಾರಿಯ ದಿನ ಮಾತ್ರೆ ಬಿಡೋಣವೆಂಬ ಯೋಚನೆ ಮಾತ್ರ ಬೇಡ. ಈ ಗುಂಪಿನ ಔಷಧವನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯಕಾರಿ. ಮಾತ್ರೆ ಸೇವಿಸುತ್ತಿರುವಾಗಲೇ ಟಿಎಂಟಿ ಪರೀಕ್ಷೆ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಹೃದಯವನ್ನು ಪರೀಕ್ಷಿಸುವುದು) ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಗ ಸೂತ್ರದ ಅಂಕಿಗಳ ಬದಲು ನಿಮ್ಮ ಹೃದಯದ್ದೇ ಅಂಕಿಗಳು ಕೈಗೆ ಸಿಗುತ್ತವೆ. ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ತಲೆಸುತ್ತು, ಅಸಹಜ ಬೆವರು ಇವುಗಳಲ್ಲಿ ಯಾವುದು ಕಾಣಿಸಿಕೊಂಡರೂ ಅಲ್ಲಿಯೇ ಇಳಿದು ಕುಳಿತು, ಜೊತೆಗಿರುವವರಿಗೆ ತಿಳಿಸಿ ನೆರವು ಪಡೆಯಬೇಕು.

ಇನ್ನು ಮೊಣಕಾಲು. ಮುಂಭಾಗದಲ್ಲಿ, ಚಿಪ್ಪಿನ ಸುತ್ತ ನೋವಿದೆ ಎಂದಾಗ ಮೊದಲು ಅನುಮಾನಿಸಬೇಕಾದದ್ದು ತಗ್ಗಿನಲ್ಲಿರುವ ಸೀಟನ್ನು. ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗಲೆಂದು ಅನೇಕರು ಸೀಟನ್ನು ಇಳಿಸಿಕೊಂಡಿರುತ್ತಾರೆ. ಅದರಿಂದ ಧೈರ್ಯ ಬರುತ್ತದೆ ನಿಜ, ಆದರೆ ಪ್ರತಿ ತುಳಿತದಲ್ಲೂ ಮೊಣಕಾಲು ಅತಿಯಾಗಿ ಮಡಚಿ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಗೋಡೆಗೆ ಒರಗಿ ಸೈಕಲ್ಲಿನ ಮೇಲೆ ಕುಳಿತು, ಪೆಡಲನ್ನು ಕೆಳತುದಿಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೇರವಾಗಬೇಕು. ನಂತರ ಎಂದಿನಂತೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲಿನಲ್ಲಿ 25ರಿಂದ 35 ಡಿಗ್ರಿಯಷ್ಟು ಬಾಗು ಉಳಿಯುತ್ತದೆ, ಅದು ಸರಿಯಾದ ಎತ್ತರ. ಇಳಿಜಾರು ಬಂದಾಗ ಸೀಟನ್ನು ಮತ್ತೆ ತಗ್ಗಿಸಿಕೊಂಡರಾಯಿತು.

ಎರಡನೆಯ ಕಾರಣ ಭಾರದ ಗೇರ್. ಯುವಕರ ಸಮಕ್ಕೆ ಹೋಗುವ ಹಟದಲ್ಲಿ ಭಾರವಾದ ಗೇರನ್ನು ನಿಧಾನವಾಗಿ ಒತ್ತಿ ಒತ್ತಿ ತುಳಿಯುವುದಕ್ಕಿಂತ, ಹಗುರ ಗೇರಿನಲ್ಲಿ ಕಾಲನ್ನು ಬೇಗಬೇಗ ತಿರುಗಿಸುವುದು ಮೊಣಕಾಲಿಗೆ ಎಷ್ಟೋ ಹಿತ. ಏರು ಶುರುವಾದ ಮೇಲೆ ತಡಬಡಿಸಿ ಬದಲಿಸದೆ, ಅದರ ಬುಡದಲ್ಲೇ ಹಗುರ ಗೇರಿಗೆ ಬನ್ನಿ. ಇಲ್ಲಿ ಒಂದು ಲೆಕ್ಕ ನೋಡಿ. ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ಚಕ್ರವಿರುವ ಇಂದಿನ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ 29 ಇಂಚಿನ ಗಾಲಿ ಸುಮಾರು 1.4 ಮೀಟರ್ ಮುಂದೆ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 5 ಕಿಲೋಮೀಟರ್. ಅದು ನಡಿಗೆಯ ವೇಗ. ಅಂದರೆ ಅತ್ಯಂತ ಹಗುರ ಗೇರಿನಲ್ಲೂ ಕಾಲು ತಿರುಗದಷ್ಟು ಏರು ಕಡಿದಾದಾಗ ಇಳಿದು ತಳ್ಳಿಕೊಂಡು ಹೋದರೆ ಸಮಯದ ದೃಷ್ಟಿಯಿಂದ ಏನೂ ನಷ್ಟವಿಲ್ಲ, ಮೊಣಕಾಲಿಗೂ ಉಸಿರಿಗೂ ಲಾಭವೇ ಹೆಚ್ಚು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಿಂದ ಪದಕದ ಕ್ರೀಡೆಯಾಗಿರುವ ಕ್ರಾಸ್‌ಕಂಟ್ರಿ ಸ್ಪರ್ಧೆಗಳಲ್ಲೂ ಕೆಸರು ಅಥವಾ ತೀರಾ ಕಡಿದಾದ ತುಣುಕು ಎದುರಾದಾಗ ಸವಾರರು ಇಳಿದು ಸೈಕಲ್ ಹಿಡಿದು ಓಡುವುದುಂಟು. ಹೀಗೆ ಎರಡನ್ನೂ ಸರಿಪಡಿಸಿಕೊಂಡ ಮೇಲೂ ನೋವು ಮುಂದುವರಿದರೆ, ಊತ ಕಂಡರೆ, ಮೂಳೆತಜ್ಞರನ್ನು ನೋಡಿ.

ಮುಳ್ಳಯ್ಯನಗಿರಿಯ ಎತ್ತರ 1930 ಮೀಟರ್. ನಿಮ್ಮ ಊರಿನಿಂದ ಹೊರಟರೆ ಸುಮಾರು 800 ಮೀಟರ್ ಏರಬೇಕು. ಅದನ್ನು ಒಂದೇ ಭಾನುವಾರ ಗೆಲ್ಲಬೇಕಿಲ್ಲ. ಮೊದಲು ದಾರಿಯಲ್ಲಿ ಸಿಗುವ ಕೈಮರ ಎಂಬ ಊರಿನವರೆಗೆ ಹೋಗಿ ಬನ್ನಿ. ಮಾತಾಡುತ್ತಲೇ ಅಲ್ಲಿಗೆ ತಲುಪುವುದು ರೂಢಿಯಾದ ಮೇಲೆ ಸೀತಾಳಯ್ಯನಗಿರಿಯ ಕಡೆಗೆ ಇನ್ನಷ್ಟು ದೂರ ಸೇರಿಸಿ. ವಾರದಲ್ಲಿ ಎರಡು ದಿನ ಸಮತಟ್ಟಾದ ರಸ್ತೆಯಲ್ಲಿ ಮುಕ್ಕಾಲು ಗಂಟೆಯ ಸವಾರಿ, ಒಂದು ದಿನ ಗುಡ್ಡ. ಇಷ್ಟಾದರೆ ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವೂ ಪೂರ್ಣವಾಗುತ್ತದೆ. ಶನಿವಾರ, ಭಾನುವಾರಗಳಲ್ಲಿ ಆ ಕಿರಿದಾದ ರಸ್ತೆ ಪ್ರವಾಸಿಗರ ವಾಹನಗಳಿಂದ ತುಂಬಿರುವುದರಿಂದ, ರಜೆ ಹಾಕಿಯಾದರೂ ವಾರದ ನಡುವಿನ ಮುಂಜಾನೆಯನ್ನು ಆರಿಸಿಕೊಳ್ಳಿ. ಗೆಳೆಯರೊಂದಿಗೆ ಮೊದಲೇ ಮಾತಾಡಿ, ಎಲ್ಲರೂ ಸೇರುವ ಜಾಗಗಳನ್ನು ಗೊತ್ತುಮಾಡಿ, ನಡುವಿನ ಏರನ್ನು ಅವರವರ ವೇಗದಲ್ಲಿ ಹತ್ತುವುದೆಂದು ನಿಶ್ಚಯಿಸಿಕೊಳ್ಳಿ. ಇದನ್ನು ಬಾಯಿಬಿಟ್ಟು ಹೇಳುವುದಕ್ಕೆ ಸಂಕೋಚ ಬೇಡ. ಹೇಳದಿದ್ದರೆ ಅವರಿಗೆ ತಿಳಿಯುವ ಬಗೆಯಿಲ್ಲ.

ಪ್ರಶ್ನೆ: ನನಗೆ 43 ವರ್ಷ. ನಮ್ಮ ಬಡಾವಣೆಯ ಸೈಕಲ್ ಗುಂಪಿನ ಜೊತೆ ನಗರದ ಹೊರವಲಯದ ಕಲ್ಲುಗುಡ್ಡಗಳಿಗೆ ಹೋಗುತ್ತೇನೆ. ಏರು ಹತ್ತುವುದರಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಇಳಿಜಾರು ಕಂಡರೆ ಕೈಕಾಲು ಸೆಟೆದುಕೊಳ್ಳುತ್ತವೆ. ಬ್ರೇಕ್ ಹಿಡಿದು ಹಿಡಿದು ಬೆರಳುಗಳು ಮರಗಟ್ಟುತ್ತವೆ. ಹೆದರಿದರೆ ಕಲಿಯಲಾಗದು, ಕಣ್ಣುಮುಚ್ಚಿ ಬಿಟ್ಟುಬಿಡಿ ಎಂದು ಜೊತೆಯವರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಬೆಂಗಳೂರು

ಉತ್ತರ: ಆ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ನಿಮ್ಮ ಉಸಿರಿನ ಶಕ್ತಿ ಬಹಳ ಮುಂದೆ ಹೋಗಿದೆ, ಕೌಶಲ ಇನ್ನೂ ಅಲ್ಲಿಗೆ ಬಂದಿಲ್ಲ. ಈ ಅಂತರವನ್ನು ನಿಮ್ಮ ದೇಹ ಗುರುತಿಸುತ್ತಿದೆ, ಅದಕ್ಕೇ ಸೆಟೆಯುತ್ತಿದೆ. ಉಸಿರಿನ ಮಿತಿಯನ್ನು ದಾಟಿದರೆ ಸುಸ್ತಾಗುತ್ತದೆ, ಕೌಶಲದ ಮಿತಿಯನ್ನು ದಾಟಿದರೆ ಮೂಳೆ ಮುರಿಯುತ್ತದೆ. ಹಾಗಾಗಿ ಇಳಿಜಾರಿನ ಪಾಠವನ್ನು ಬಿದ್ದರೂ ಪೆಟ್ಟಾಗದಂಥ ಜಾಗದಲ್ಲಿ, ಅಂದರೆ ಹುಲ್ಲಿನ ಸಣ್ಣ ದಿಬ್ಬದಲ್ಲೋ ಬಡಾವಣೆಯ ಖಾಲಿ ಮೈದಾನದ ಓರೆಯಲ್ಲೋ, ನಡಿಗೆಯ ವೇಗದಲ್ಲಿ ಕಲಿಯಬೇಕು.

ಬೆರಳು ಮರಗಟ್ಟುವುದಕ್ಕೆ ನಿಮ್ಮ ಭಯವೊಂದೇ ಕಾರಣವಿರಲಾರದು. ಬ್ರೇಕಿನ ಲಿವರ್ ಹ್ಯಾಂಡಲಿನಿಂದ ದೂರವಿದ್ದರೆ ಚಿಕ್ಕ ಕೈಯವರು ಬೆರಳ ತುದಿಯಿಂದ ಎಳೆಯಬೇಕಾಗುತ್ತದೆ. ಬಹುತೇಕ ಲಿವರುಗಳಲ್ಲಿ ಈ ಅಂತರ ಕಡಿಮೆ ಮಾಡುವ ಚಿಕ್ಕ ತಿರುಪು ಇರುತ್ತದೆ, ಸೈಕಲ್ ಅಂಗಡಿಯವರಿಂದ ಹೊಂದಿಸಿಕೊಳ್ಳಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆಗಿದ್ದರೆ ಒಂದೇ ಬೆರಳು ಸಾಕು, ಉಳಿದವು ಹ್ಯಾಂಡಲನ್ನು ಹಿಡಿಯಲಿ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಅರ್ಧ ಒತ್ತಿಕೊಂಡೇ ಇರುವ ಬದಲು, ತಿರುವು ಅಥವಾ ಕಲ್ಲು ಬರುವ ಮೊದಲೇ ವೇಗ ಇಳಿಸಿ, ಅದನ್ನು ದಾಟುವಾಗ ಸಡಿಲಿಸಿ. ಕೈಗೂ ವಿಶ್ರಾಂತಿ, ಟೈರಿಗೂ ಹಿಡಿತ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಈ ಕ್ರೀಡೆಯನ್ನು ಬೆಳೆಸಿದವರ ಹಳೆಯ ಸೈಕಲ್ಲುಗಳಲ್ಲಿ, ಒಂದೇ ಇಳಿಜಾರಿನಲ್ಲಿ ಹಿಂಗಾಲಿಯ ಬ್ರೇಕ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಕೆಳಗೆ ಬಂದು ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿತ್ತು. ಇಂದಿನ ಬ್ರೇಕ್ ಅಷ್ಟು ಸುಲಭವಾಗಿ ಸೋಲದು, ಆದರೆ ಮನುಷ್ಯರ ಮುಂಗೈ ಅಂದಿನದೇ.

ನಿಲುವಿನ ವಿಷಯಕ್ಕೆ ಬಂದರೆ, ಇಳಿಜಾರಿಗೆ ಮೊದಲು ಸೀಟನ್ನು ತಗ್ಗಿಸಿ, ಎರಡೂ ಪೆಡಲುಗಳನ್ನು ಒಂದೇ ಮಟ್ಟದಲ್ಲಿರಿಸಿ ಅವುಗಳ ಮೇಲೆ ನಿಲ್ಲಿ. ದೇಹದ ಭಾರ ಪಾದಗಳ ಮೇಲಿರಲಿ, ಹಿಮ್ಮಡಿ ಕೊಂಚ ಕೆಳಗಿರಲಿ, ಮೊಣಕೈ ಮೊಣಕಾಲುಗಳು ಬಾಗಿರಲಿ. ಆಗ ಕಲ್ಲಿನ ಪೆಟ್ಟನ್ನು ಅವೇ ನುಂಗಿಕೊಳ್ಳುತ್ತವೆ. ಕಣ್ಣು ಮುಂಗಾಲಿಯ ಮೇಲಿರದೆ ಮುಂದಿನ ದಾರಿಯ ಮೇಲಿರಬೇಕು. ಟೈರಿನ ಗಾಳಿಯನ್ನೂ ಪರೀಕ್ಷಿಸಿ. ನಗರದ ರಸ್ತೆಗೆಂದು ಕಲ್ಲಿನಂತೆ ಗಟ್ಟಿಯಾಗಿ ತುಂಬಿಸಿದ ಟೈರ್ ಬಂಡೆಯ ಮೇಲೆ ಪುಟಿಯುತ್ತದೆ. ಅರವತ್ತರಿಂದ ಎಪ್ಪತ್ತು ಕಿಲೋ ತೂಕದವರಿಗೆ ಅಗಲ ಟೈರಿನಲ್ಲಿ ಟ್ಯೂಬ್ ಇದ್ದರೆ 30 ಪಿಎಸ್‌ಐ ಆಸುಪಾಸಿನಿಂದ ಆರಂಭಿಸಿ, ಟ್ಯೂಬ್‌ಲೆಸ್ ಆದರೆ ಅದಕ್ಕಿಂತ ಕೊಂಚ ಕಡಿಮೆ ಇಟ್ಟು, ಹಿಡಿತ ನೋಡಿಕೊಂಡು ಬದಲಿಸಬಹುದು.

ವಿದೇಶಗಳ ಅನೇಕ ತಾಣಗಳಲ್ಲಿ ಸುಲಭದ ಹಾದಿಗೆ ಹಸಿರು, ಮಧ್ಯಮಕ್ಕೆ ನೀಲಿ, ಕಠಿಣಕ್ಕೆ ಕಪ್ಪು ಗುರುತಿನ ಫಲಕಗಳಿರುತ್ತವೆ. ನಮ್ಮಲ್ಲಿ ಅಂಥ ಗುರುತುಳ್ಳ ಹಾದಿಗಳು ಅಪರೂಪವಾದ್ದರಿಂದ, ಹೊಸ ಇಳಿಜಾರನ್ನು ಮೊದಲು ನಡೆದು ನೋಡುವುದನ್ನು ನಿಯಮವಾಗಿಸಿಕೊಳ್ಳಿ. ನಡೆಯುವಾಗಲೇ ಕಾಲು ಜಾರುವ ತುಣುಕಿನಲ್ಲಿ ಸವಾರಿ ಬೇಡ, ತಳ್ಳಿಕೊಂಡು ಹೋಗಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಬಂಡೆ, ಜಂಬಿಟ್ಟಿಗೆ ಮತ್ತು ಮರದ ಬೇರುಗಳ ಮೇಲೆ ಪಳಗಿದವರೂ ಜಾರುತ್ತಾರೆ. ಇಂದು ಇಳಿದು ತಳ್ಳಿದ ತುಣುಕನ್ನೇ ಮುಂದೊಂದು ದಿನ ನೀವು ಸಲೀಸಾಗಿ ದಾಟಬಹುದು, ದಾಟದೆಯೂ ಇರಬಹುದು. ಎರಡರಲ್ಲೂ ಆ ಬೆಳಗಿನ ಸವಾರಿಯ ಸಂತೋಷಕ್ಕೆ ಕೊರತೆಯಿಲ್ಲವೆಂದು ನಾನು ಮನಸಾರೆ ನಂಬಿದ್ದೇನೆ. ಹೆಲ್ಮೆಟ್, ಕೈಗವಸು, ಮೊಣಕಾಲಿನ ಕವಚ ಕಡ್ಡಾಯ. ಅರಣ್ಯ ಪ್ರದೇಶವಾದರೆ ಇಲಾಖೆಯ ಅನುಮತಿಯೂ ಕಡ್ಡಾಯ.

ಪ್ರಶ್ನೆ: ನನಗೆ 66 ವರ್ಷ, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಘಟ್ಟದ ಹಾದಿಗಳಲ್ಲಿ ಓಡಾಡಲು ಬ್ಯಾಟರಿ ಇರುವ ಮೌಂಟನ್ ಬೈಕ್ ಕೊಡಿಸುತ್ತೇನೆಂದು ಮಗಳು ಹೇಳುತ್ತಾಳೆ. ಮೋಟಾರಿನ ಸಹಾಯದಿಂದ ಹೋದರೆ ಅದು ಸೈಕಲ್ ಸವಾರಿ ಎನಿಸುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಖಂಡಿತವಾಗಿ ಎನಿಸುತ್ತದೆ. ಪೆಡಲ್ ತುಳಿದಾಗ ಮಾತ್ರ ಮೋಟಾರ್ ನೆರವಾಗುವ ಮಾದರಿಯನ್ನು ಆರಿಸಿಕೊಂಡರೆ ನಿಮ್ಮ ಹೃದಯ, ಕಾಲು ಎರಡೂ ದುಡಿಯುತ್ತವೆ, ಕಡಿದಾದ ಏರಿನ ವಿಪರೀತ ಭಾರ ಮಾತ್ರ ಇಳಿಯುತ್ತದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ 2019ರಿಂದ ಇಂಥ ಬೈಕುಗಳಿಗೆ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ನಮ್ಮ ದೇಶದ ನಿಯಮದಂತೆ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರುವ ವಾಹನಕ್ಕೆ ನೋಂದಣಿ ಬೇಕಿಲ್ಲ. ಕೊಳ್ಳುವಾಗ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಆದರೆ ಈ ಬೈಕಿನ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋ. ಬಿದ್ದ ಮರವನ್ನೋ ಹಳ್ಳವನ್ನೋ ದಾಟಲು ಅದನ್ನು ಎತ್ತಬೇಕಾದಾಗ ಒಬ್ಬರಿಂದ ಆಗದು, ಇಳಿಜಾರಿನಲ್ಲಿ ತಡೆಯಲೂ ಹೆಚ್ಚು ದೂರ ಬೇಕು. ಮೋಟಾರ್ ಇದೆಯೆಂದು ದೇಹಕ್ಕೆ ಮೀರಿದ ದೂರ ಹೋಗಿ ಅಲ್ಲಿ ಬ್ಯಾಟರಿ ಮುಗಿದರೆ ತೊಂದರೆ. ಹೋಗುವ ದಾರಿಯಲ್ಲಿ ಬ್ಯಾಟರಿ ಅರ್ಧಕ್ಕೆ ಇಳಿಯುವ ಮೊದಲೇ, ಅದರಲ್ಲೂ ಹಿಂದಿರುಗುವ ದಾರಿ ಏರಾಗಿದ್ದರೆ ಇನ್ನೂ ಬೇಗ, ಬೈಕ್ ತಿರುಗಿಸಬೇಕು.

ನಿಮ್ಮ ಮಾತ್ರೆಯ ಬಗ್ಗೆ ವಿಶೇಷ ಎಚ್ಚರ ಬೇಕು. ಗ್ಲಿಮೆಪಿರೈಡ್ ರಕ್ತದ ಸಕ್ಕರೆಯನ್ನು ತೀರಾ ಕೆಳಗೆ ಇಳಿಸಬಲ್ಲದು; ದೀರ್ಘ ಶ್ರಮ ಅದಕ್ಕೆ ಸೇರಿದರೆ ಸವಾರಿಯ ನಡುವೆಯೋ ಅಂದು ರಾತ್ರಿಯೋ ನಡುಕ, ತಣ್ಣನೆಯ ಬೆವರು, ಮಂಕು ಕಾಣಿಸಿಕೊಳ್ಳಬಹುದು. ಸವಾರಿಯ ದಿನ ಮಾತ್ರೆಯ ಪ್ರಮಾಣ ಏನಿರಬೇಕೆಂದು ವೈದ್ಯರೇ ಹೇಳಬೇಕು. ಬರಿಹೊಟ್ಟೆಯಲ್ಲಿ ಹೊರಡಬೇಡಿ, ಹೊರಡುವ ಮೊದಲು ಗ್ಲೂಕೋಮೀಟರಿನಲ್ಲಿ ಸಕ್ಕರೆ ನೋಡಿಕೊಳ್ಳಿ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ಬೆಲ್ಲದ ಅಚ್ಚು, ಚೀಲದಲ್ಲಿ ಬಾಳೆಹಣ್ಣು ಇರಲಿ. ಲಕ್ಷಣ ಕಂಡ ತಕ್ಷಣ ಬೈಕಿನಿಂದ ಇಳಿದು ಗ್ಲೂಕೋಸ್ ತೆಗೆದುಕೊಂಡು, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಿ, ಸರಿಹೋದ ಮೇಲೆ ಬಾಳೆಹಣ್ಣು ತಿಂದು ಮುಂದುವರಿಯಿರಿ. ಘಟ್ಟದ ತಿರುವುಗಳಲ್ಲಿ ಫೋನಿನ ಸಿಗ್ನಲ್ ಸಿಗದ ಕಡೆಗಳು ಬಹಳವಿರುವುದರಿಂದ ಒಬ್ಬರೇ ಹೋಗದೆ, ನಿಮ್ಮ ಕಾಯಿಲೆಯ ವಿಷಯ ತಿಳಿದಿರುವವರೊಬ್ಬರನ್ನು ಜೊತೆಗೆ ಕರೆದುಕೊಂಡು, ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುತ್ತೀರೆಂದು ಮನೆಯಲ್ಲಿ ಹೇಳಿ ಹೊರಡಿ.