‘ಹೆಡ್ ಹಂಟರ್ಸ್’ ವಿನೈಲ್: ಹೊಸ ಮುದ್ರಣವೇ, ಹಳೆಯ ಪ್ರತಿಯೇ?

ಅಮೆರಿಕದ ಜಾಝ್ ಕೀಬೋರ್ಡ್ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಆಲ್ಬಮ್ಮನ್ನು ಮೊಬೈಲಿನಲ್ಲಿ ಕೇಳಿ ಮೆಚ್ಚಿರುವ ನೀವು, ಅದರ ವಿನೈಲ್ ಮರುಮುದ್ರಣವನ್ನು ಕೊಳ್ಳುವುದೋ ಅಥವಾ ಅಂದಿನ ಅಮೆರಿಕನ್ ಪ್ರತಿಯನ್ನೇ ಹುಡುಕುವುದೋ ಎಂದು ಕೇಳಿದ್ದೀರಿ. ಹೊಸದನ್ನೇ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಆದರೆ ಹೊದಿಕೆಯ ಮೇಲೆ ತಟ್ಟೆಯ ತೂಕವನ್ನು ಸಾರುವ ‘180 ಗ್ರಾಂ’ ಎಂಬ ಮಾತಿಗೆ ಮರುಳಾಗಬೇಡಿ. ತಟ್ಟೆ ದಪ್ಪವಾದ ಮಾತ್ರಕ್ಕೆ ನಾದ ಉತ್ತಮಗೊಳ್ಳುವುದಿಲ್ಲ, ಯಾವ ಮೂಲ ಧ್ವನಿಮುದ್ರಣದಿಂದ ಯಾರು ಅದನ್ನು ಕಟ್ ಮಾಡಿದರು, ಅಂದರೆ ಮುದ್ರಣಕ್ಕಾಗಿ ನಾದವನ್ನು ಗೀರುಗಳಾಗಿ ಕೊರೆದರು, ಎಂಬುದೇ ಮುಖ್ಯ.

ಈ ಆಲ್ಬಮ್ಮಿನ ಮಟ್ಟಿಗೆ ಆ ಪ್ರಶ್ನೆಗೆ ವಿಶೇಷ ತೂಕವಿದೆ. ಇದರಲ್ಲಿರುವುದು ನಾಲ್ಕೇ ಕೃತಿಗಳು. ಮೊದಲ ಬದಿಯಲ್ಲಿ ಹದಿನೈದೂವರೆ ನಿಮಿಷ ದಾಟುವ ‘ಕಮೀಲಿಯನ್’ ಮತ್ತು ಆರೂವರೆ ನಿಮಿಷದ ‘ವಾಟರ್‌ಮೆಲನ್ ಮ್ಯಾನ್’ ಸೇರಿ ಸುಮಾರು 22 ನಿಮಿಷಗಳಾಗುತ್ತವೆ. ಮಂದ್ರಸ್ವರ ಗಟ್ಟಿಯಾದಷ್ಟೂ ಗ್ರೂವ್ (ಸೂಜಿ ಓಡುವ ಗೀರು) ಅಗಲವಾಗಿ ಓಲಾಡಿ ಹೆಚ್ಚು ಜಾಗ ಬೇಡುತ್ತದೆ. ‘ಕಮೀಲಿಯನ್’ ನಿಂತಿರುವುದೇ ಅಂಥ ಮಂದ್ರದ ಮೇಲೆ: ನಾವೆಲ್ಲ ಗುನುಗುವ ಆ ಸಾಲನ್ನು ಹ್ಯಾನ್‌ಕಾಕ್ ಆರ್ಪ್ ಒಡಿಸ್ಸಿ ಸಿಂಥಸೈಜರಿನಲ್ಲಿ ನುಡಿಸಿದ್ದಾರೆ, ಬಾಸ್ ವಾದಕ ಪಾಲ್ ಜಾಕ್ಸನ್ ತಮ್ಮ ವಾದ್ಯದ ಮೇಲಿನ ಸ್ವರಗಳಿಗೆ ಏರಿ ಗಿಟಾರಿನವರಂತೆ ಮೀಟುತ್ತಾರೆ. (ಆಲ್ಬಮ್ಮಿನಲ್ಲಿ ಗಿಟಾರ್ ಇಲ್ಲವೇ ಇಲ್ಲ, ಆ ಕೆಲಸದ ಬಹುಪಾಲನ್ನು ಕ್ಲಾವಿನೆಟ್ ಎಂಬ ವಿದ್ಯುತ್ ಕೀಬೋರ್ಡ್ ಮಾಡುತ್ತದೆ.) ಹೀಗಾಗಿ ಕಟ್ ಮಾಡುವ ಎಂಜಿನಿಯರ್ ಒಟ್ಟು ಧ್ವನಿಮಟ್ಟವನ್ನು ತಗ್ಗಿಸಬೇಕು, ಇಲ್ಲವೇ ಮಂದ್ರವನ್ನು ತೆಳುಗೊಳಿಸಬೇಕು. ಎರಡನೆಯದು ನಡೆದಿದ್ದರೆ ನಿಮ್ಮ ಮೊಬೈಲೇ ಮೇಲು.

ಪ್ರತಿಯನ್ನು ಪರೀಕ್ಷಿಸಲು ‘ವಾಟರ್‌ಮೆಲನ್ ಮ್ಯಾನ್’ನ ಆರಂಭ ಸಾಕು. ಮಧ್ಯ ಆಫ್ರಿಕಾದ ಪಿಗ್ಮಿ ಜನರ ಊದುವಾದ್ಯವನ್ನು ಅನುಕರಿಸಿ ತಂಡದ ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿ ಊದುವ ಆ ಭಾಗದಲ್ಲಿ ಉಸಿರಿನ ಸದ್ದು ಬರಬೇಕೇ ಹೊರತು ತಟ್ಟೆಯ ಚಟಪಟ ಬರಬಾರದು. ಎರಡನೆಯ ಬದಿಯ ಕೊನೆಯಲ್ಲಿ, ಗ್ರೂವ್ ವೃತ್ತ ಕಿರಿದಾಗಿ ನಾದ ಒಡೆಯುವ ಸಾಧ್ಯತೆ ಹೆಚ್ಚುವ ಜಾಗದಲ್ಲಿ, ‘ವೇನ್ ಮೆಲ್ಟರ್’ ಇದೆ. ಅಲ್ಲಿ ಬೆನ್ನಿ ಮಾಪಿನ್ ಅವರ ಬಾಸ್ ಕ್ಲಾರಿನೆಟ್ ಒರಟಾಗಿ ಕೇಳಿಸಿದರೆ ಮೊದಲು ನಿಮ್ಮ ಸೂಜಿಯ ಜೋಡಣೆಯನ್ನು ನೋಡಿ, ಆಮೇಲೆ ತಟ್ಟೆಯನ್ನು ದೂರಿ.

ಎರಡು ತಟ್ಟೆಗಳ, ನಿಮಿಷಕ್ಕೆ 45 ಸುತ್ತಿನ ವೇಗದ ಆವೃತ್ತಿ ಸಿಕ್ಕರೆ ಜಾಗದ ಇಕ್ಕಟ್ಟು ತಪ್ಪುತ್ತದೆ, ಬೆಲೆ ಮಾತ್ರ ಏರುತ್ತದೆ. ಹಳೆಯ ಪ್ರತಿಗಳು ಪಾರ್ಟಿಗಳಲ್ಲಿ ಸವೆದಿರುವುದೇ ಹೆಚ್ಚು, ಆ ಸವೆತ ಫೋಟೋದಲ್ಲಿ ಕಾಣುವುದಿಲ್ಲ. ಅಲ್ಲದೆ ಅಂದು ನಾಲ್ಕು ಸ್ಪೀಕರುಗಳಿಗೆಂದು ಬೇರೆಯಾಗಿ ಮಿಶ್ರಣ ಮಾಡಿದ ಕ್ವಾಡ್ರಫೋನಿಕ್ ತಟ್ಟೆಯೂ ಬಂದಿದ್ದರಿಂದ, ಹಳೆಯದನ್ನೇ ಕೊಳ್ಳುವುದಾದರೆ ನೀವು ಕೊಳ್ಳುತ್ತಿರುವುದು ಸ್ಟೀರಿಯೋ ಪ್ರತಿಯೇ ಎಂಬುದನ್ನು ಮಾರಾಟಗಾರರಿಂದ ಖಚಿತಪಡಿಸಿಕೊಳ್ಳಿ.