ಶಿಲೀಂಧ್ರ ನಮ್ಮ ಜೀವಕೋಶದ ಸಕ್ಕರೆಗೆ ಹೇಗೆ ಅಂಟಿಕೊಳ್ಳುತ್ತದೆ?

ಕ್ಯಾಲ್ಸಿಯಂ ನೆರವಿನಿಂದ. ನಮ್ಮ ಜೀವಕೋಶಗಳ ಹೊರಮೈ ತುಂಬ ಸಕ್ಕರೆಯ ಸರಪಳಿಗಳಿರುತ್ತವೆ (ರಕ್ತದಲ್ಲಿ ಅಳೆಯುವ ಸಕ್ಕರೆ ಅಲ್ಲ). ಯೀಸ್ಟ್ ಕೂಡ ಒಂದು ಬಗೆಯ ಶಿಲೀಂಧ್ರವೇ. ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಯೀಸ್ಟ್‌ನ ಗೋಡೆಯಿಂದ ಎಪಿಎ1 ಎಂಬ ಪ್ರೋಟೀನು ಹೊರಚಾಚಿರುತ್ತದೆ. ಅದರ ತುದಿಯಲ್ಲೊಂದು ಪುಟ್ಟ ಗುಳಿ, ಗುಳಿಯೊಳಗೆ ಕ್ಯಾಲ್ಸಿಯಂ ಅಯಾನು, ಅಂದರೆ ವಿದ್ಯುದಂಶವಿರುವ ಕಣ. ಸರಪಳಿಯ ಕೊನೆಯಲ್ಲಿ ಗ್ಯಾಲಕ್ಟೋಸ್ ಸಕ್ಕರೆ ಇದ್ದರೆ ಅದು ಆ ಗುಳಿಗೆ ಸರಿಯಾಗಿ ಕೂರುತ್ತದೆ. ಕೂತದ್ದೇ ತಡ, ಅದರ ಆಮ್ಲಜನಕ ಪರಮಾಣುಗಳನ್ನು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ.

ಒಂದೊಂದು ಹಿಡಿತವೂ ಸಡಿಲವೇ. ಆದರೆ ಇಂಥ ಪ್ರೋಟೀನುಗಳು ಒಂದು ಯೀಸ್ಟ್ ಮೇಲೆ ರಾಶಿ ರಾಶಿ ಇರುತ್ತವೆ, ಅಲ್ವಾ? ಪಂಚೆಗೆ ಉತ್ತರಾಣಿ ಕಾಳು ಅಂಟಿದ ಹಾಗೆ, ಸುಮ್ನೆ ಕೊಡವಿದರೆ ಬೀಳುವುದಿಲ್ಲ.

ಬಿಯರ್ ಮಾಡುವ ಯೀಸ್ಟ್ ಗಂಟುಗಟ್ಟುವುದೂ ಹೀಗೇ. ಅಲ್ಲಿ ಹಿಡಿಯುವುದು ಪಕ್ಕದ ಯೀಸ್ಟ್‌ನ ಮೇಲಿರುವ ಮ್ಯಾನೋಸ್ ಸಕ್ಕರೆಯನ್ನು.